ಗಂಟಕ್ಕ ಕಟ್ಟಿದ ಹತ್ತೊಂಬತ್ತು ಅಧ್ಯಾಯ

ಅಂಧರ ಗ್ರಂಥಾಲಯದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಮೇಲ್ವಿಚಾರಕಿಯಿಂದ ಹಿಡಿದು ಬಾಗಿಲು ಕಾಯುವವನವರೆಗೆ ಎಲ್ಲರಿಗೂ ಅವಳು ಗಂಟಕ್ಕ. ಆ ಹೆಸರು ಅಂಟಿಕೊಂಡದ್ದು ಅವಳು ನೆಲಮಾಳಿಗೆಯ ಬೈಂಡಿಂಗ್ ಕೋಣೆಯಲ್ಲಿ ಬ್ರೈಲ್ ಪುಸ್ತಕಗಳನ್ನು ಹೊಲಿಯುತ್ತಿದ್ದ ಕಾಲದಲ್ಲಿ.

ಬ್ರೈಲ್ ಪುಸ್ತಕ ಹೊಲಿಯುವುದು ಸಾಮಾನ್ಯ ಪುಸ್ತಕ ಹೊಲಿದಂತಲ್ಲ. ಬಿಗಿಯಾಗಿ ಒತ್ತಿದರೆ ಹಾಳೆಯ ಮೇಲೆ ಎದ್ದು ನಿಂತ ಚುಕ್ಕಿಗಳು ಚಪ್ಪಟೆಯಾಗಿ, ಓದುವವರ ಬೆರಳಿಗೆ ಏನೂ ಸಿಗದಂತಾಗುತ್ತದೆ. ಬೆನ್ನಿನ ಕಡೆ ದಪ್ಪ ಕಾಗದದ ಪಟ್ಟಿಗಳನ್ನು ಇಟ್ಟು, ಹಾಳೆಗೂ ಹಾಳೆಗೂ ನಡುವೆ ಉಸಿರಾಡುವಷ್ಟು ಜಾಗ ಬಿಟ್ಟು ಹೊಲಿಯಬೇಕು. ಹೊಲಿದದ್ದನ್ನು ದಪ್ಪ ಬಟ್ಟೆಯ ಚೀಲಕ್ಕೆ ಹಾಕಿ, ದಾರ ಕಟ್ಟಿ ಅಂಚೆಗೆ ಕೊಡುವುದೂ ಅವಳದೇ ಕೆಲಸ. ಅವಳು ಹಾಕಿದ ಗಂಟು ದಾರಿಯಲ್ಲಿ ಎಂದೂ ಬಿಚ್ಚಿಕೊಂಡದ್ದಿಲ್ಲ. ಆದರೆ ಪುಸ್ತಕ ತಲುಪಿದವರು ದಾರದ ಒಂದು ತುದಿ ಹಿಡಿದು ಎಳೆದರೆ ಸಾಕು, ಸರಕ್ಕನೆ ಬಿಚ್ಚಿಕೊಳ್ಳುತ್ತಿತ್ತು. ದೂರದ ಓದುಗನೊಬ್ಬ ಬ್ರೈಲಿನಲ್ಲಿ ಪತ್ರ ಬರೆದು, "ಈ ಗಂಟು ಹಾಕುವ ಅಕ್ಕನಿಗೆ ನನ್ನ ನಮಸ್ಕಾರ" ಎಂದಿದ್ದನಂತೆ. ಅಂದಿನಿಂದ ಅವಳು ಗಂಟಕ್ಕ.

ವರ್ಷಗಳು ಉರುಳಿದಂತೆ ಓದುಗರು ಕೇಳುಗರಾದರು. ಚೀಲ ಹೊತ್ತು ತರುವ ದಪ್ಪ ಪುಸ್ತಕಕ್ಕಿಂತ ಫೋನಿನಲ್ಲಿ ಕೇಳುವ ಪುಸ್ತಕ ಎಲ್ಲರಿಗೂ ಹಿತವಾಯಿತು. ಬೈಂಡಿಂಗ್ ಕೋಣೆಯಲ್ಲಿ ಗೋಂದು ಒಣಗತೊಡಗಿತು. ಗಂಟಕ್ಕನಿಗೆ ನಲವತ್ತಾರು ತುಂಬಿದ ವರ್ಷ ಮೇಲ್ವಿಚಾರಕಿ ಅವಳನ್ನು ಕರೆದು, "ನಾಳೆಯಿಂದ ಎರಡನೇ ಮಹಡಿ, ಧ್ವನಿ ವಿಭಾಗ" ಎಂದರು.

"ಅಲ್ಲಿ ನಾನೇನು ಮಾಡ್ಲಿ ಮೇಡಂ? ಕಂಪ್ಯೂಟರ್ ಅಂದ್ರೆ ನಂಗೆ ಟೀವಿ ಥರ. ನೋಡೋದು ಗೊತ್ತು, ಮುಟ್ಟೋದು ಗೊತ್ತಿಲ್ಲ."

"ಇಲ್ಲೇನು ಮಾಡ್ತಿದ್ರೋ ಅಲ್ಲೂ ಅದೇ. ಗಂಟು ಕಟ್ಟಿ ಕಳಿಸೋದು. ಮೇಷ್ಟ್ರು ಹೇಳ್ಕೊಡ್ತಾರೆ."

ಮೇಷ್ಟ್ರು ಅಂದರೆ ಧ್ವನಿ ವಿಭಾಗದ ಮುಖ್ಯಸ್ಥರು. ಹುಟ್ಟಿನಿಂದಲೇ ಕಣ್ಣು ಕಾಣದವರು. ಮೊದಲು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದುದರಿಂದ ಆ ಹೆಸರು ಉಳಿದುಕೊಂಡಿತ್ತು. ಅವರ ಕಂಪ್ಯೂಟರ್ ಪರದೆಯ ಮೇಲಿದ್ದದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಅದು ಓದುವ ವೇಗಕ್ಕೆ ಗಂಟಕ್ಕನಿಗೆ ಮೊದಮೊದಲು ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಹುರಿಯುವಾಗ ಸಾಸಿವೆ ಸಿಡಿದಂತೆ ಕೇಳುತ್ತಿತ್ತು. ಮೇಷ್ಟ್ರು ಮಾತ್ರ ತಲೆದೂಗುತ್ತ ಕೂತಿರುತ್ತಿದ್ದರು.

ಅವಳಿಗೆ ವಹಿಸಿದ ಕೆಲಸ ಹೀಗಿತ್ತು. ಓದುವವರು ಬಂದು ಪುಟ್ಟ ಕೋಣೆಯಲ್ಲಿ ಕೂತು ಪುಸ್ತಕವನ್ನು ಗಟ್ಟಿಯಾಗಿ ಓದುತ್ತಾರೆ. ಅಧ್ಯಾಯಕ್ಕೊಂದರಂತೆ ಧ್ವನಿಯ ಫೈಲು ಆಗುತ್ತದೆ. ಒಂದು ಪುಸ್ತಕಕ್ಕೆ ಮೂವತ್ತು ನಲವತ್ತು ಫೈಲು. ಅವನ್ನು ಬಿಡಿಬಿಡಿಯಾಗಿ ಕಳಿಸಿದರೆ ಯಾವುದೋ ಒಂದು ಕಳೆದುಹೋಗುತ್ತದೆ, ಇನ್ಯಾವುದೋ ಎರಡು ಸಲ ಹೋಗುತ್ತದೆ. ಅದಕ್ಕೇ ಎಲ್ಲವನ್ನೂ ಸೇರಿಸಿ ಒಂದೇ ಫೈಲಾಗಿ ಕಟ್ಟಿ, ಅಂದರೆ ಝಿಪ್ ಮಾಡಿ, ಪಾಸ್‌ವರ್ಡ್ ಹಾಕಿ, ಬೇರೆ ಊರುಗಳ ಗ್ರಂಥಾಲಯಗಳಿಗೆ ಕಳಿಸಬೇಕು. ಪಾಸ್‌ವರ್ಡ್ ಕಡ್ಡಾಯ. ಪುಸ್ತಕ ಕಣ್ಣು ಕಾಣದವರಿಗೆ ಮಾತ್ರ ತಲುಪಬೇಕು, ದಾರಿಯಲ್ಲಿ ಹೋಗುವವರ ಕೈಗೆಲ್ಲ ಸಿಗಬಾರದು ಎಂಬ ಷರತ್ತಿನ ಮೇಲೆಯೇ ಪ್ರಕಾಶಕರು ಅನುಮತಿ ಕೊಡುತ್ತಿದ್ದರು.

ಮೊದಲ ವಾರ ಅವಳು ತಯಾರಾದ ಧ್ವನಿಪುಸ್ತಕವೊಂದನ್ನು ಝಿಪ್ ಮಾಡಿ, ಅಳತೆ ನೋಡಿ, ಮತ್ತೆ ಝಿಪ್ ಮಾಡಿ, ಮೂರನೇ ಸಲವೂ ಮಾಡಿ ಸೋತು ಕೂತಳು.

"ಮೇಷ್ಟ್ರೆ, ಎಷ್ಟು ಹಿಂಡಿದ್ರೂ ಇದು ಚಿಕ್ಕದಾಗ್ತಾನೇ ಇಲ್ಲ. ಇನ್ನೂ ಒಂದು ಚೂರು ದಪ್ಪಾನೇ ಆಗಿದೆ."

ಮೇಷ್ಟ್ರು ನಕ್ಕರು. "ಹಿಂಡಿ ಒಣಗಿಸಿರೋ ಬಟ್ಟೇನ ಮತ್ತೆ ಹಿಂಡಿದ್ರೆ ನೀರೆಲ್ಲಿಂದ ಬರುತ್ತೆ? ಕೇಳುಗರಿಗೆ ಕಳಿಸೋ ಫೈಲು ಮೊದ್ಲೇ ಹಿಂಡಿರೋದು. ಅದನ್ನ ಝಿಪ್ ಮಾಡೋದು ಒಟ್ಟಿಗಿರ್ಲಿ ಅಂತ, ಬೀಗ ಇರ್ಲಿ ಅಂತ, ಅಷ್ಟೇ. ಹಸೀ ರೆಕಾರ್ಡಿಂಗ್ ಇರುತ್ತಲ್ಲ, ಕತ್ತರಿ ಹಾಕದೇ ಇರೋದು, ಅದನ್ನ ಕಟ್ಟಿ ನೋಡಿ. ಇಳಿಯುತ್ತೆ."

ಹೌದು, ಅದು ಇಳಿಯಿತು. ಅವಳಿಗೆ ಆ ಕೆಲಸ ರುಚಿಸಿತು. ದೊಡ್ಡ ಪುಸ್ತಕವನ್ನು ಆರು ಭಾಗ ಮಾಡಿ ಕಟ್ಟಿದರೆ, ಆರರಲ್ಲಿ ಒಂದು ಬಾರದಿದ್ದರೂ ಉಳಿದ ಐದು ಬಾಯಿಬಿಡುವುದಿಲ್ಲ ಎಂದು ಕಲಿತಳು. ಅದಕ್ಕೇ ಜೊತೆಗೆ ಒಂದು ಚೀಟಿ ಹಾಕತೊಡಗಿದಳು: "ಒಟ್ಟು ಆರು. ಎಣಿಸಿಕೊಳ್ಳಿ, ಆಮೇಲೆ ಬಿಚ್ಚಿ." ಗುರುತಿಲ್ಲದ ವಿಳಾಸದಿಂದ ಝಿಪ್ ಬಂದರೆ ಬಿಚ್ಚಬಾರದು ಎಂದು ಮೇಷ್ಟ್ರು ಒಮ್ಮೆ ಹೇಳಿದ್ದೇ ಸಾಕಾಯಿತು. ಒಂದು ದಿನ ಮೇಲ್ವಿಚಾರಕಿಯ ಹೆಸರಿನಲ್ಲೇ "ತುರ್ತು, ಈಗಲೇ ತೆರೆಯಿರಿ" ಎಂದು ಝಿಪ್ಪೊಂದು ಬಂದಾಗ ಅವಳು ಎರಡು ಮಹಡಿ ಇಳಿದು ಹೋಗಿ, "ನೀವೇ ಕಳಿಸಿದ್ರಾ?" ಎಂದು ಕೇಳಿದಳು. ಅವರು ಕಳಿಸಿರಲಿಲ್ಲ. ಯಾರೋ ಕಿಡಿಗೇಡಿಗಳು ಅವರ ಹೆಸರು ಹಾಕಿ ಕಳಿಸಿದ್ದರು. ಅದನ್ನು ಬಿಚ್ಚದೆ ಅಳಿಸಿ, ಮತ್ತೆ ಎರಡು ಮಹಡಿ ಹತ್ತಿ ಬಂದು, ಏದುಸಿರು ಬಿಡುತ್ತ ಟೀ ಕುಡಿದಳು.

ಓದುವವರಲ್ಲಿ ಎಲ್ಲರಿಗಿಂತ ಹೆಸರಾದವರು ಅನೌನ್ಸರಮ್ಮ. ಇಪ್ಪತ್ತಾರು ವರ್ಷ ದೊಡ್ಡ ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಮೈಕಿನಲ್ಲಿ ಹೇಳುತ್ತಿದ್ದವರು. ನಿವೃತ್ತರಾದ ಮಾರನೆಯ ವಾರವೇ ಗ್ರಂಥಾಲಯದ ಮೆಟ್ಟಿಲು ಹತ್ತಿ, "ಬಾಯಿ ಸುಮ್ನೆ ಕೂತ್ರೆ ತುಕ್ಕು ಹಿಡಿಯುತ್ತೆ, ಏನಾದ್ರೂ ಓದೋಕೆ ಕೊಡಿ" ಎಂದಿದ್ದರು. ಅವರ ಧ್ವನಿ ದಪ್ಪವೂ ಅಲ್ಲ, ತೆಳುವೂ ಅಲ್ಲ. ಗದ್ದಲದ ನಡುವೆಯೂ ತನ್ನ ದಾರಿ ತಾನು ಮಾಡಿಕೊಂಡು ಕಿವಿಗೆ ಬರುವಂಥದ್ದು. ಕೇಳುಗರು ಪುಸ್ತಕದ ಹೆಸರು ಕೇಳುವುದನ್ನೇ ಬಿಟ್ಟು, "ಅನೌನ್ಸರಮ್ಮ ಓದಿರೋದು ಹೊಸದೇನು ಬಂದಿದೆ?" ಎನ್ನುತ್ತಿದ್ದರು.

ಅವರು ಓದುತ್ತಿದ್ದದ್ದು ನಲವತ್ತೊಂದು ಅಧ್ಯಾಯದ ಒಂದು ದಪ್ಪ ಕಾದಂಬರಿ, ಸಮುದ್ರದ ನಡುವಿನ ದೀಪಸ್ತಂಭವೊಂದರ ಕಾವಲುಗಾರನ ಕಥೆ. ಇಪ್ಪತ್ತೆರಡು ಅಧ್ಯಾಯ ಓದಿ, ತಿದ್ದಿ, ಕೇಳುಗರಿಗೆ ತಲುಪಿಯೂ ಆಗಿತ್ತು. ಆಗ ಅನೌನ್ಸರಮ್ಮನ ಗಂಟಲಿನಲ್ಲಿ ತೊಂದರೆ ಕಾಣಿಸಿತು. ವೈದ್ಯರು ನೋಡಿ, ಧ್ವನಿಪೆಟ್ಟಿಗೆಯನ್ನು ತೆಗೆಯದೆ ದಾರಿಯಿಲ್ಲ ಎಂದರು. ಶಸ್ತ್ರಚಿಕಿತ್ಸೆಗೆ ಹದಿನಾರು ದಿನ ಇತ್ತು.

"ಹದಿನಾರು ದಿನ, ಹತ್ತೊಂಬತ್ತು ಅಧ್ಯಾಯ. ಆಗುತ್ತೆ" ಎಂದರು ಅನೌನ್ಸರಮ್ಮ.

"ಬೇಡಮ್ಮ, ಸುಸ್ತಾಗುತ್ತೆ" ಎಂದಳು ಗಂಟಕ್ಕ.

"ಸುಸ್ತಾದ್ರೆ ಆಗ್ಲಿ. ಆ ಕಾವಲುಗಾರನ್ನ ಅರ್ಧ ಸಮುದ್ರದಲ್ಲಿ ಬಿಟ್ಟು ಹೋಗೋಕಾಗುತ್ತಾ?"

ಹದಿನಾರೂ ದಿನ ಅವರು ಬಂದರು. ಗಂಟಕ್ಕ ಬಿಸಿನೀರು ಇಟ್ಟಳು, ಪುಟ ತಿರುವಿದಳು, ಫ್ಯಾನು ಆರಿಸಿದಳು. ಕೊನೆಯ ಅಧ್ಯಾಯದ ಕೊನೆಯ ಸಾಲು ಮುಗಿದಾಗ ಅನೌನ್ಸರಮ್ಮ ಪುಸ್ತಕ ಮುಚ್ಚಿ, ಕನ್ನಡಕ ತೆಗೆದು ಒರೆಸಿಕೊಂಡು, ಏನೂ ಆಗದವರಂತೆ ಮೆಟ್ಟಿಲಿಳಿದು ಹೋದರು.

ಆ ಹತ್ತೊಂಬತ್ತು ಹಸೀ ಫೈಲುಗಳನ್ನು ಗಂಟಕ್ಕ ಮಾರನೆಯ ದಿನ ಕಟ್ಟಿದಳು. ಝಿಪ್‌ಗೆ ಅಣ್ಣನಂಥ, ಇನ್ನೂ ಬಿಗಿಯಾಗಿ ಹಿಂಡುವ ಇನ್ನೊಂದು ನಮೂನೆ ಇತ್ತು, ಅದರಲ್ಲಿ ಕಟ್ಟಿದಳು. ಕಂಪ್ಯೂಟರಿನಲ್ಲಿ ಜಾಗ ತುಂಬಿಹೋಗಿತ್ತು, ಪರೀಕ್ಷೆಯ ಪುಸ್ತಕಗಳ ರೆಕಾರ್ಡಿಂಗ್ ಬೇರೆ ಶುರುವಾಗಬೇಕಿತ್ತು. ಹಾಗಾಗಿ "ಕಟ್ಟಿದ ಮೇಲೆ ಮೂಲ ಫೈಲು ಅಳಿಸು" ಎಂಬಲ್ಲಿಯೂ ಟಿಕ್ ಹಾಕಿದಳು. ಪಾಸ್‌ವರ್ಡನ್ನು ತನ್ನ ನೋಟುಪುಸ್ತಕದಲ್ಲಿ ಬರೆದಿಟ್ಟಳು: ಇಂಗ್ಲಿಷ್ ಅಕ್ಷರಗಳಲ್ಲಿ ಸೂಜಿದಾರ, ಮುಂದೆ ನಲವತ್ತೆಂಟು. ಕಟ್ಟಿದ ಫೈಲಿನ ಎರಡು ಪ್ರತಿ ಮಾಡಿ ಎರಡು ಬೇರೆ ಬೇರೆ ಡಿಸ್ಕಿನಲ್ಲಿಟ್ಟು, ಒಂದನ್ನು ಕಪಾಟಿನಲ್ಲಿ, ಇನ್ನೊಂದನ್ನು ಮೇಲ್ವಿಚಾರಕಿಯ ಕೋಣೆಯಲ್ಲಿ ಭದ್ರ ಮಾಡಿದಳು. ಒಂದನ್ನು ಮಾತ್ರ ಮಾಡಲಿಲ್ಲ. ಬಿಚ್ಚಿ ನೋಡಲಿಲ್ಲ.

ಮೂರು ತಿಂಗಳು ಪರೀಕ್ಷೆಯ ಪುಸ್ತಕಗಳೇ ಆದವು. ಅಷ್ಟರಲ್ಲಿ ಅನೌನ್ಸರಮ್ಮ ಚೇತರಿಸಿಕೊಂಡು ಮನೆಗೆ ಬಂದಿದ್ದರು. ಮಾತು ಪೂರ್ತಿ ಹೋಗಿತ್ತು. ಇತ್ತ ಕೇಳುಗರಲ್ಲಿ ಕುರ್ಚಿ ಹೆಣೆಯುವವನೊಬ್ಬನಿದ್ದ. ವಾರಕ್ಕೊಮ್ಮೆ ಫೋನು ಮಾಡುವುದು ಅವನ ಅಭ್ಯಾಸ.

"ಏನಕ್ಕಾ, ಇಪ್ಪತ್ಮೂರನೇ ಅಧ್ಯಾಯ ಎಲ್ಲಿಗೆ ಬಂತು? ಅವನು ದೋಣಿ ಹತ್ತಿದ್ನೋ ಇಲ್ವೋ?"

"ಬೇಕಿದ್ರೆ ಪುಸ್ತಕ ನೋಡಿ ಹೇಳ್ಬಿಡ್ಲಾ?"

"ಬೇಡ ಬೇಡ! ನಿಮ್ಮ ಬಾಯಲ್ಲಿ ಯಾರಿಗೆ ಬೇಕು? ಆಯಮ್ಮನ ಬಾಯಲ್ಲೇ ಕೇಳ್ತೀನಿ. ಕೈ ಕೆಲಸ ಮಾಡ್ತಾ ಕೇಳೋಕೆ ಆ ದನೀನೇ ಆಗ್ಬೇಕು."

ಬಿಡುವಾದ ಮೊದಲ ಸೋಮವಾರ ಬೆಳಿಗ್ಗೆ ಗಂಟಕ್ಕ ಕಪಾಟಿನ ಡಿಸ್ಕು ತೆಗೆದು, ಕಂಪ್ಯೂಟರಿಗೆ ಚುಚ್ಚಿ, ನೋಟುಪುಸ್ತಕ ನೋಡಿಕೊಂಡು ಪಾಸ್‌ವರ್ಡ್ ಒತ್ತಿದಳು. ಪರದೆಯ ಮೇಲೆ "ಪಾಸ್‌ವರ್ಡ್ ತಪ್ಪೇ?" ಎಂದು ಬಂತು. ಅದೂ ಪ್ರಶ್ನಾರ್ಥಕ ಚಿಹ್ನೆ ಸಮೇತ, ಅವಳನ್ನೇ ವಿಚಾರಿಸುವಂತೆ. ಮತ್ತೆ ಒತ್ತಿದಳು. ಅದೇ ಪ್ರಶ್ನೆ. ಒಂದೊಂದೇ ಅಕ್ಷರ ಬೆರಳಿಟ್ಟು ನೋಡಿ ಒತ್ತಿದಳು. ಅದೇ. ಮೇಲ್ವಿಚಾರಕಿಯ ಕೋಣೆಯ ಡಿಸ್ಕು ತಂದಳು. ಅದೂ ಹಾಗೇ ಕೇಳಿತು. ಎರಡು ಪ್ರತಿ ಇದ್ದವು, ಎರಡೂ ಬಾಯಿ ಬಿಗಿದುಕೊಂಡು ಕೂತಿದ್ದವು.

ಮೂಲ ಫೈಲುಗಳನ್ನು ತನ್ನ ಕೈಯಾರೆ ಅಳಿಸಿದ್ದಳು; ಆ ಜಾಗದ ಮೇಲೆ ಮೂರು ತಿಂಗಳ ಪರೀಕ್ಷಾ ಪುಸ್ತಕಗಳು ಬಂದು ಕೂತಿದ್ದವು.

ಮುಚ್ಚಿಡಲಿಲ್ಲ. ಹೋಗಿ ಮೇಷ್ಟ್ರಿಗೆ ಹೇಳಿದಳು. ಅವರು ತಾವೂ ಒತ್ತಿ ನೋಡಿದರು. ಕಂಪ್ಯೂಟರ್ ರಿಪೇರಿಯವರಿಗೆ ಫೋನು ಮಾಡಿ ಕೇಳಿದರು. "ಸಾರ್, ಇದು ಒಡೆಯೋ ಬೀಗ ಅಲ್ಲ. ಒಡೆಯೋಕೆ ಬರೋ ಹಾಗಿದ್ರೆ ಜನ ಅದನ್ನ ಯಾಕೆ ಹಾಕ್ತಿದ್ರು? ಪಾಸ್‌ವರ್ಡ್ ನೆನಪಿಸ್ಕೊಳ್ಳಿ, ಬೇರೆ ದಾರಿ ಇಲ್ಲ" ಎಂದರು ಅವರು.

ಆ ವಾರವಿಡೀ ಗಂಟಕ್ಕ ಊಟದ ಬಿಡುವಿನಲ್ಲೂ ಒತ್ತುತ್ತಲೇ ಇದ್ದಳು. ದೊಡ್ಡಕ್ಷರದಲ್ಲಿ, ಚಿಕ್ಕಕ್ಷರದಲ್ಲಿ, ನಲವತ್ತೆಂಟರ ಬದಲು ಎಂಬತ್ತನಾಲ್ಕು ಹಾಕಿ, ಸೂಜಿ ಬಿಟ್ಟು ಬರೀ ದಾರ, ದಾರ ಬಿಟ್ಟು ಬರೀ ಸೂಜಿ. ಯಾವುದನ್ನೂ ಎರಡು ಸಲ ಮಾಡಬಾರದೆಂದು ಎಲ್ಲವನ್ನೂ ಬರೆದಿಟ್ಟುಕೊಂಡಳು. ಶುಕ್ರವಾರ ಸಂಜೆಗೆ ಇನ್ನೂರ ಹದಿಮೂರು ಸಾಲು ಆಗಿತ್ತು. ಮೇಲ್ವಿಚಾರಕಿ ಬೈಯಲಿಲ್ಲ. "ಬೇರೆ ಯಾರ ಹತ್ರನಾದ್ರೂ ಆ ಅಧ್ಯಾಯಗಳನ್ನ ಓದಿಸೋಣ" ಎಂದಷ್ಟೇ ಹೇಳಿದರು. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಗಂಟಕ್ಕನಿಗೆ.

ಶನಿವಾರ ಅವಳು ಅನೌನ್ಸರಮ್ಮನ ಮನೆಗೆ ಹೋದಳು. ಬೇರೆಯವರ ಬಾಯಿಂದ ಅವರಿಗೆ ಇದು ತಿಳಿಯಬಾರದು ಎಂದು ಅವಳ ಹಟ. ಮೂರನೇ ಅಡ್ಡರಸ್ತೆಯ ಚಿಕ್ಕ ಮನೆ, ಕಿಟಕಿಯ ತುಂಬ ಕುಂಡಗಳು. ಅನೌನ್ಸರಮ್ಮ ಕತ್ತಿಗೆ ತೆಳುವಾದ ಬಟ್ಟೆ ಸುತ್ತಿಕೊಂಡಿದ್ದರು. ಅವಳನ್ನು ಕಂಡು ಮುಖ ಅರಳಿಸಿ, ಎರಡು ಸಲ ಚಪ್ಪಾಳೆ ತಟ್ಟಿ, ಕುರ್ಚಿ ತೋರಿಸಿದರು. ಮಡಿಲಲ್ಲಿ ಒಂದು ಪುಟ್ಟ ಪುಸ್ತಕ, ಪೆನ್ಸಿಲು.

ಗಂಟಕ್ಕ ಕೂತವಳೇ ಒಂದೇ ಉಸಿರಿಗೆ ಎಲ್ಲ ಹೇಳಿದಳು. "ಬಿಚ್ಚಿ ನೋಡ್ದೆ ಅಳಿಸ್ಬಿಟ್ಟೆ ಅಮ್ಮಾ. ತಪ್ಪು ನಂದೇ. ಕಟ್ಟೋಕೆ ಬರುತ್ತೆ ಅಂತ ಜಂಬ ಇತ್ತು, ಬಿಚ್ಚಕ್ಕಾಗ್ತಿಲ್ಲ ಈಗ."

ಅನೌನ್ಸರಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದರು. ಕಣ್ಣು ತುಂಬಿದ್ದು ಗಂಟಕ್ಕನಿಗೆ ಕಾಣಿಸಿತು. ಆಮೇಲೆ ಪೆನ್ಸಿಲು ತೆಗೆದುಕೊಂಡು ಬರೆದು ತೋರಿಸಿದರು. "ನಾನು ಒಮ್ಮೆ ನಾಲ್ಕನೇ ಅಂಕಣ ಅನ್ನೋ ಬದಲು ಏಳನೇ ಅಂಕಣ ಅಂದುಬಿಟ್ಟಿದ್ದೆ. ಒಂದು ಬಸ್ಸು ತುಂಬ ಜನ ತಮ್ಮದಲ್ಲದ ಊರಿಗೆ ಹೋಗಿಬಂದರು."

ಗಂಟಕ್ಕ ಅಳುತ್ತಲೇ ನಕ್ಕಳು. "ಆಮೇಲೆ?"

"ಒಬ್ಬಾಕೆಗೆ ಅಲ್ಲಿ ಕೆಲಸ ಸಿಕ್ಕಿತಂತೆ. ಉಳಿದವರೆಲ್ಲ ಬಂದು ನನ್ನನ್ನು ಬೈದರು." ಅದರ ಕೆಳಗೆ ಇನ್ನೊಂದು ಸಾಲು ಬರೆದರು. "ಇನ್ನೂ ನಾಲ್ಕು ದಿನ ಪ್ರಯತ್ನ ಮಾಡು. ಆಗದಿದ್ದರೆ ಬಿಡು. ನಿನ್ನ ಆರೋಗ್ಯ ಕೆಡಿಸಿಕೊಳ್ಳಬೇಡ."

ಮನೆಗೆ ಬಂದರೆ ಗಂಡ ನಡುಮನೆಯಲ್ಲಿ ಹಳೆಯ ಹೊಲಿಗೆ ಯಂತ್ರವೊಂದನ್ನು ಬಿಚ್ಚಿ ಹರವಿಕೊಂಡು ಕೂತಿದ್ದ. ಹೊಲಿಗೆ ಯಂತ್ರ ರಿಪೇರಿ ಅವನ ವೃತ್ತಿ. ಹೆಂಡತಿ ವಾರದಿಂದ ಅನ್ನ ಸರಿಯಾಗಿ ಉಣ್ಣದ್ದು ಅವನಿಗೂ ಗೊತ್ತಿತ್ತು.

"ಏನಂದ್ರು?" ಎಂದ.

"ಏನೂ ಅನ್ಲಿಲ್ಲ ಕಣ್ರೀ. ಅದೇ ಸಂಕಟ."

ಅವನು ಎಣ್ಣೆ ಬಟ್ಟೆಯಲ್ಲಿ ಬೆರಳು ಒರೆಸಿಕೊಂಡ. "ನೋಡು, ನನ್ನ ಹತ್ರ ಜನ ಬರ್ತಾರೆ. 'ಮಿಷನ್ನು ಹೊಲಿಗೆ ಬಿಡ್ತಿದೆ' ಅಂತಾರೆ. ಏನ್ಮಾಡಿದ್ರಿ ಅಂದ್ರೆ, 'ನಾನೇನೂ ಮಾಡಿಲ್ಲ, ದಿನಾ ಮಾಡೋ ಥರಾನೇ ಮಾಡ್ದೆ' ಅಂತಾರೆ. ನಾನು ಅವ್ರ ಮಾತು ನಂಬಲ್ಲ. ಅಲ್ಲೇ ಕೂರಿಸಿ, 'ನನ್ನೆದುರಿಗೇ ಒಂದು ಹೊಲಿಗೆ ಹಾಕಿ' ಅಂತೀನಿ. ಕೈ ಏನೋ ಒಂದು ಮಾಡಿರುತ್ತೆ, ತಲೆಗೆ ಗೊತ್ತೇ ಇರಲ್ಲ. ನೀನೂ ನೆನಪಿಸ್ಕೊಳ್ಳೋದು ಬಿಡು. ಅವತ್ತು ಮಾಡಿದ್ದನ್ನೇ ಮೊದಲಿಂದ ಇನ್ನೊಂದ್ಸಲ ಮಾಡು. ಮೇಷ್ಟ್ರು ಪಕ್ಕದಲ್ಲಿರ್ಲಿ."

"ಮೇಷ್ಟ್ರಿಗೆ ಕಾಣಲ್ವಲ್ಲ."

"ಕೇಳುತ್ತಲ್ಲ!"

ಸೋಮವಾರ ಬೆಳಿಗ್ಗೆ ಅವಳು ಅದನ್ನೇ ಮಾಡಿದಳು. ಮೇಷ್ಟ್ರು ತಮ್ಮ ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತರು. ಪರದೆ ಓದುವ ಧ್ವನಿಯನ್ನು ಅವಳ ಕಂಪ್ಯೂಟರಿನಲ್ಲೂ ಚಾಲೂ ಮಾಡಿ, ಅವಳಿಗೂ ತಿಳಿಯಲೆಂದು ವೇಗ ತಗ್ಗಿಸಿದರು. ಗಂಟಕ್ಕ ಪ್ರಯೋಗಕ್ಕೆಂದು ಬೇಡದ ನಾಲ್ಕು ಫೈಲುಗಳನ್ನು ಒಂದು ಫೋಲ್ಡರಿನಲ್ಲಿಟ್ಟಳು.

"ಈಗ ಕಟ್ಟೋ ಕಿಟಕಿ ತೆಗೀತೀನಿ. ಮೇಲ್ಗಡೆ ಫೈಲಿಗೆ ಹೆಸರು ಬರೀಬೇಕು."

"ದಿನಾ ಏನು ಹೆಸರು ಬರೀತೀರಿ?"

"ಏನೂ ಬರೆಯಲ್ಲ. ಫೋಲ್ಡರಿನ ನಂಬರ್ ತಾನಾಗೇ ಬಂದಿರುತ್ತೆ, ಅದನ್ನೇ ಬಿಡ್ತೀನಿ. ಅವತ್ತು ಮಾತ್ರ ನಂಬರ್ ಹಾಕೋಕೆ ಮನಸ್ಸು ಬರ್ಲಿಲ್ಲ ಮೇಷ್ಟ್ರೆ. 'ಅನೌನ್ಸರಮ್ಮನ ಓದು' ಅಂತ ಬರೆದೆ. ಕನ್ನಡದಲ್ಲೇ."

ಅವಳು ಕೀಲಿಮಣೆಯನ್ನು ಕನ್ನಡಕ್ಕೆ ತಿರುಗಿಸಿ ಹೆಸರು ಒತ್ತಿದಳು. ಯಂತ್ರ ಒಂದೊಂದೇ ಕನ್ನಡ ಅಕ್ಷರ ಓದಿ ಹೇಳಿತು. ಆಮೇಲೆ ಅವಳು ಅದೇ ಕಿಟಕಿಯಲ್ಲಿ ಕೆಳಗೆ, ಪಾಸ್‌ವರ್ಡಿನ ಜಾಗಕ್ಕೆ ಹೋಗಿ ಒತ್ತತೊಡಗಿದಳು. ಯಂತ್ರ, "ಚುಕ್ಕಿ, ಚುಕ್ಕಿ, ಚುಕ್ಕಿ" ಎಂದಿತು.

"ನಿಲ್ಸಿ" ಎಂದರು ಮೇಷ್ಟ್ರು. ಅವರ ಧ್ವನಿ ಥಟ್ಟನೆ ಬದಲಾಗಿತ್ತು. "ಗಂಟಕ್ಕಾ, ಈಗ ಕೀಲಿಮಣೆ ಯಾವ ಭಾಷೇಲಿದೆ?"

ಗಂಟಕ್ಕನ ಕೈ ಕೀಲಿಮಣೆಯ ಮೇಲೆಯೇ ನಿಂತಿತು. ಪರದೆಯ ಮೂಲೆಗೆ ಕಣ್ಣು ಹಾಯಿಸಿದಳು. ಕನ್ನಡ.

"ಚುಕ್ಕಿ ಬರೋ ಕಡೆ ಏನು ಒತ್ತಿದ್ರೂ ಚುಕ್ಕೀನೇ. ಕನ್ನಡವಾದ್ರೂ ಚುಕ್ಕಿ, ಇಂಗ್ಲಿಷಾದ್ರೂ ಚುಕ್ಕಿ. ಚುಕ್ಕಿ ತೆಗೆದು ಅಕ್ಷರ ತೋರ್ಸೋದು ಪಕ್ಕದಲ್ಲೇ ಇರುತ್ತೆ, ಅಲ್ಲಿ ಟಿಕ್ ಹಾಕಿ."

ಟಿಕ್ ಹಾಕಿದಳು. ಅವಳು ಒತ್ತಿದ್ದು ಸೂಜಿದಾರವೆಂದು. ಅಲ್ಲಿ ಕೂತದ್ದು ಬೇರೆಯೇ ಏನೋ. ಮೊದಲಿಗೆ ಯಾವ ಅಕ್ಷರಕ್ಕೂ ಸೇರದ ಒಂದು ಏತ್ವ, ಅದರ ಹಿಂದೆ ಎರಡು ದ, ಒಂದು ರ, ಒಂದು ಗ, ಆಮೇಲೆ ಗಾಳಿಯಲ್ಲಿ ನೇತಾಡುವ ಓತ್ವಗಳು. ಇನ್ನೂರ ಹದಿಮೂರಲ್ಲ, ಇನ್ನೂರ ಹದಿಮೂರು ಸಾವಿರ ಸಾಲು ಬರೆದಿದ್ದರೂ ಅದು ಅವಳಿಗೆ ಹೊಳೆಯುತ್ತಿರಲಿಲ್ಲ. ಫೈಲು ಬಿಚ್ಚುವಾಗ ಹೆಸರು ಬರೆಯುವ ಪ್ರಮೇಯವೇ ಇಲ್ಲ. ಹಾಗಾಗಿ ಅಷ್ಟೂ ಸಲ ಕೀಲಿಮಣೆ ಇಂಗ್ಲಿಷಿನಲ್ಲೇ ಉಳಿದಿತ್ತು.

ಅವಳು ಡಿಸ್ಕು ಚುಚ್ಚಿದಳು. ಕೀಲಿಮಣೆಯನ್ನು ಕನ್ನಡಕ್ಕೆ ತಿರುಗಿಸಿ, ಅದೇ ಕೀಲಿಗಳನ್ನು ಅದೇ ಸಾಲಿನಲ್ಲಿ ಒತ್ತಿದಳು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಹಸಿರು ಪಟ್ಟಿಯೊಂದು ಎಡದಿಂದ ಬಲಕ್ಕೆ ಹರಿಯತೊಡಗಿತು.

"ಏನಾಯ್ತು? ಏನಾಯ್ತು ಹೇಳಿ!" ಎಂದರು ಮೇಷ್ಟ್ರು.

"ಬರ್ತಿದೆ ಮೇಷ್ಟ್ರೆ. ಇಪ್ಪತ್ಮೂರು ಬಂತು. ಇಪ್ಪತ್ನಾಲ್ಕು. ಇಪ್ಪತ್ತೈದು..." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಉಳಿದದ್ದನ್ನು ಯಂತ್ರವೇ ಓದಿ ಹೇಳಿತು, ನಲವತ್ತೊಂದರವರೆಗೆ.

ಕೇಳಬೇಕೆಂದು ಜೀವ ಹಾರುತ್ತಿದ್ದರೂ ಅವಳು ಮೊದಲು ಮಾಡಿದ್ದು ಬೇರೆ. ಹತ್ತೊಂಬತ್ತನ್ನೂ ಬಿಚ್ಚಿದ ಹಾಗೆಯೇ ಎರಡು ಕಡೆ ಪ್ರತಿ ಮಾಡಿದಳು. ಪ್ರತಿಯೊಂದನ್ನೂ ತೆರೆದು, ಆರಂಭ ಒಂದಿಷ್ಟು, ನಡು ಒಂದಿಷ್ಟು, ಕೊನೆ ಒಂದಿಷ್ಟು ಕೇಳಿ ನೋಡಿದಳು. ಮೇಷ್ಟ್ರು ಚಡಪಡಿಸುತ್ತ, "ಅಯ್ಯೋ ಆಯ್ತು ಬಿಡಿ ಗಂಟಕ್ಕಾ" ಎಂದರೂ ಜಗ್ಗಲಿಲ್ಲ. ಮಧ್ಯಾಹ್ನವಾಯಿತು.

ಸುದ್ದಿ ತಿಳಿದ ಅನೌನ್ಸರಮ್ಮ ಮೂರು ಗಂಟೆಗೆಲ್ಲ ಬಂದರು. ಎರಡು ಮಹಡಿಯ ಮೆಟ್ಟಿಲನ್ನು ನಿಧಾನಕ್ಕೆ ಹತ್ತಿ ಬಂದು, ತಾವು ಓದುತ್ತಿದ್ದ ಪುಟ್ಟ ಕೋಣೆಯಲ್ಲೇ ಕೂತರು. ಗಂಟಕ್ಕ ಇಪ್ಪತ್ತಮೂರನೇ ಅಧ್ಯಾಯ ಹಾಕಿದಳು.

ಆ ಧ್ವನಿ ಕೋಣೆಯನ್ನು ತುಂಬಿತು. ಕಾವಲುಗಾರ ದೋಣಿಯ ಹಗ್ಗ ಹಿಡಿದು ನಿಂತಿದ್ದ. ಅನೌನ್ಸರಮ್ಮ ಮೊದಲ ಐದು ನಿಮಿಷ ಪರೀಕ್ಷಕರಂತೆ ಬಿಗಿದು ಕೂತು, ಒಂದು ಕಡೆ ತಪ್ಪು ಓದಿದ್ದಕ್ಕೆ ಹುಬ್ಬು ಗಂಟಿಕ್ಕಿದರು. ಕತ್ತರಿ ಹಾಕದ ಹಸೀ ಫೈಲಾದ್ದರಿಂದ ನಡುವೆ ಓದು ನಿಂತಿತು, ಲೋಟದ ಸದ್ದಾಯಿತು, ಆಮೇಲೆ ಅದೇ ಧ್ವನಿ ಪುಸ್ತಕ ಬಿಟ್ಟು ಮಾತಾಡಿತು:

"ಗಂಟಕ್ಕಾ, ಆ ಫ್ಯಾನ್ ಆರಿಸ್ತೀಯಾ? ಹಾಳೆ ಪಟಪಟ ಅಂತಿದೆ. ಈ ಕಾವಲುಗಾರ ಒಬ್ಬ, ಎಷ್ಟೊತ್ತು ಯೋಚ್ನೆ ಮಾಡ್ತಾನಪ್ಪಾ! ನಾನಾಗಿದ್ರೆ ಇಷ್ಟೊತ್ತಿಗೆ ದೋಣಿ ಹತ್ತಿ, ಆ ಕಡೆ ಇಳಿದು, ಒಂದು ಟೀ ಕುಡಿದು ಬರ್ತಿದ್ದೆ."

ರೆಕಾರ್ಡಿಂಗಿನೊಳಗೆ ಗಂಟಕ್ಕ ನಕ್ಕದ್ದು ಕೇಳಿಸಿತು. ಅದರ ಮೇಲೆ ಅನೌನ್ಸರಮ್ಮನ ನಗು. ಗಂಟೆ ಬಾರಿಸಿದಂಥ ದೊಡ್ಡ ನಗು.

ಅನೌನ್ಸರಮ್ಮ ಥಟ್ಟನೆ ಗಂಟಕ್ಕನ ಮೊಣಕೈ ಹಿಡಿದರು. ಇನ್ನೊಮ್ಮೆ ಹಾಕು ಎಂದು ಬೆರಳು ತಿರುಗಿಸಿ ತೋರಿಸಿದರು. ಮತ್ತೆ ಹಾಕಿದಳು. ಮೂರು ಸಲ ಕೇಳಿದ ಮೇಲೆ ಅವರು ಪುಟ್ಟ ಪುಸ್ತಕ ತೆಗೆದು ಬರೆದರು. "ಬಸ್ ನಿಲ್ದಾಣದ ಧ್ವನಿ ಎಲ್ಲರಿಗೂ ಗೊತ್ತು. ನನ್ನ ನಗು ರೆಕಾರ್ಡ್ ಆಗಿದ್ದು ಇದೊಂದೇ ಕಡೆ. ಇದನ್ನು ಕತ್ತರಿಸಿ ಬಿಸಾಕಬೇಡ."

"ಬಿಸಾಕ್ತೀನಾ ಅಮ್ಮಾ? ಹತ್ತೊಂಬತ್ತರಲ್ಲೂ ಇಂಥದ್ದು ಎಷ್ಟಿದೆಯೋ ಅಷ್ಟನ್ನೂ ಆಯ್ದು, ನಿಮಗೇ ಅಂತ ಬೇರೆ ಕಟ್ಟಿ ಕೊಡ್ತೀನಿ."

ಕೊಟ್ಟಳು. ಒಟ್ಟು ನಲವತ್ತೇಳು ನಿಮಿಷದ ಹರಟೆ, ಗೊಣಗಾಟ, ಕೆಮ್ಮು, ನಗು. ಅದಕ್ಕೆ ಪಾಸ್‌ವರ್ಡ್ ಹಾಕಲಾ ಎಂದು ಕೇಳಿದ್ದಕ್ಕೆ ಅನೌನ್ಸರಮ್ಮ ಎರಡೂ ಕೈ ಮುಗಿದು ಬೇಡವೆಂದರು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೇಳುಗರಿಗೆ ಹೋಗುವ ಅಧ್ಯಾಯಗಳನ್ನು ತಿದ್ದಿ ಮುಗಿಸಲು ಐದು ವಾರ ಹಿಡಿಯಿತು. ಈ ಸಲ ಗಂಟಕ್ಕ ಕಟ್ಟಿದ ಫೈಲನ್ನು ತನ್ನ ಕಂಪ್ಯೂಟರಿನಲ್ಲಿ ಬಿಚ್ಚಿ ನೋಡಿದ್ದಲ್ಲದೆ, ಕೆಳಗಿಳಿದು ಮೇಲ್ವಿಚಾರಕಿಯ ಕಂಪ್ಯೂಟರಿನಲ್ಲೂ ಬಿಚ್ಚಿಸಿ ನೋಡಿದಳು. "ನಿಮ್ಮ ಕೈಯಲ್ಲಿ ಬಿಚ್ಕೊಂಡ್ರೆ ಎಲ್ಲರ ಕೈಯಲ್ಲೂ ಬಿಚ್ಕೊಳ್ಳುತ್ತೆ ಮೇಡಂ" ಎಂದಳು. ಅದು ಹೊಗಳಿಕೆಯೋ ಅಲ್ಲವೋ ಮೇಲ್ವಿಚಾರಕಿಗೆ ತಿಳಿಯಲಿಲ್ಲ. ಫೈಲು ಮೇಲ್‌ನಲ್ಲಿ ಹೋಯಿತು. ಪಾಸ್‌ವರ್ಡನ್ನು ಅದೇ ಮೇಲ್‌ನಲ್ಲಿ ಬರೆಯದೆ, ಪ್ರತಿ ಗ್ರಂಥಾಲಯಕ್ಕೂ ಫೋನು ಮಾಡಿ, ಗುರುತಿನ ಧ್ವನಿ ಕೇಳಿದ ಮೇಲೆಯೇ ಹೇಳಿದಳು. ಹೇಳುವ ಮೊದಲು, "ಕೀಲಿಮಣೆ ಇಂಗ್ಲಿಷಲ್ಲಿದೆ ತಾನೇ? ಒಂದ್ಸಲ ನೋಡ್ಕೊಳ್ಳಿ" ಎನ್ನುವುದನ್ನು ಮರೆಯಲಿಲ್ಲ.

ಇಪ್ಪತ್ತಮೂರನೇ ಅಧ್ಯಾಯ ತಲುಪಿದ ದಿನ ಕುರ್ಚಿ ಹೆಣೆಯುವವನು ಫೋನು ಮಾಡಿದ. "ಹತ್ತಿದ ಕಣಕ್ಕಾ, ದೋಣಿ ಹತ್ತಿದ!" ಎಂದು ಕೂಗಿ, ಅವಳು ಉತ್ತರ ಕೊಡುವ ಮೊದಲೇ ಇಟ್ಟುಬಿಟ್ಟ. ಮುಂದಿನ ಅಧ್ಯಾಯ ಕೇಳುವ ಅವಸರ.

ಈಗ ಗಂಟಕ್ಕನಿಗೆ ಐವತ್ತೊಂದು. ಬೇರೆ ಊರಿನ ಗ್ರಂಥಾಲಯಗಳಿಂದ ವರ್ಷಕ್ಕೆರಡು ಸಲ ಏಳೆಂಟು ಜನ ಬಂದು ಅವಳ ಹತ್ತಿರ ಈ ಕೆಲಸ ಕಲಿತು ಹೋಗುತ್ತಾರೆ. ಅವಳು ತನ್ನ ಇನ್ನೂರ ಹದಿಮೂರು ಸಾಲಿನ ನೋಟುಪುಸ್ತಕವನ್ನು ಮೊದಲು ಅವರ ಮುಂದಿಟ್ಟು, ಸಂಕೋಚವಿಲ್ಲದೆ ಎಲ್ಲ ಹೇಳುತ್ತಾಳೆ. ಅನೌನ್ಸರಮ್ಮ ವಾರದಲ್ಲಿ ಮೂರು ದಿನ ಧ್ವನಿ ವಿಭಾಗಕ್ಕೆ ಬರುತ್ತಾರೆ. ಹೆಡ್‌ಫೋನ್ ಹಾಕಿಕೊಂಡು, ಹೊಸಬರು ಓದಿದ್ದನ್ನು ಕೇಳಿ ತಪ್ಪುಗಳನ್ನು ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕುವ ಕೆಲಸ ಅವರದು. ಕಟ್ಟುನಿಟ್ಟು ಜಾಸ್ತಿ. ಹೊಸದಾಗಿ ಓದಲು ಬಂದ ನಿವೃತ್ತ ವಕೀಲರೊಬ್ಬರು ಮೊನ್ನೆ ತಮ್ಮ ಹಾಳೆಯನ್ನು ನೋಡಿ, "ಇಷ್ಟು ಕೆಂಪು ನಾನು ಶಾಲೇಲೂ ನೋಡಿರ್ಲಿಲ್ಲ" ಎಂದು ಗಂಟಕ್ಕನ ಹತ್ತಿರ ದೂರು ತಂದರು.

"ನಾನು ಬರೆಯೋ ಚೀಟಿಗೂ ಹಾಕ್ತಾರೆ ಸಾರ್" ಎಂದಳು ಗಂಟಕ್ಕ. "ಕೂತ್ಕೊಳ್ಳಿ, ಟೀ ಬರುತ್ತೆ. ಕುಡಿದು ಇನ್ನೊಂದ್ಸಲ ಓದೋರಂತೆ."